ಸಸಿಮಡಿ

'ಸೆಮಿನಾರ್' ಎಂಬ ಮಾತಿನ ಮೂಲವನ್ನು ಹುಡುಕುತ್ತ ಹೋದರೆ ಲ್ಯಾಟಿನ್ ಭಾಷೆಯ ಒಂದು ಹಳೆಯ ಪದ ಸಿಗುತ್ತದೆ. ಬೀಜ ಚೆಲ್ಲಿ ಸಸಿ ಎಬ್ಬಿಸುವ ಜಾಗ ಎಂದು ಅದರ ಅರ್ಥ. ನಮ್ಮ ಗದ್ದೆಯ ಮಾತಿನಲ್ಲಿ ಹೇಳುವುದಾದರೆ ಸಸಿಮಡಿ. ಪಂಡಿತರು ಅದಕ್ಕೆ 'ವಿಚಾರ ಸಂಕಿರಣ' ಎಂಬ ಗಂಭೀರವಾದ ಹೆಸರಿಟ್ಟ ಮೇಲೆ ಅದರ ಮಣ್ಣಿನ ವಾಸನೆ ಹೋಗಿಬಿಟ್ಟಿತೋ ಏನೋ. ನಮ್ಮ ಊರುಗಳಲ್ಲಿ ವಿಚಾರ ಸಂಕಿರಣವೆಂದರೆ ಏನೆಂದು ನಿಮಗೆಲ್ಲ ಗೊತ್ತೇ ಇದೆ. ವೇದಿಕೆಗೊಂದು ಬ್ಯಾನರು, ದೀಪ ಬೆಳಗುವುದು, ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷರ ಭಾಷಣ. ಪ್ರಶ್ನೆ ಕೇಳುವ ಹೊತ್ತು ಬಂತು ಎನ್ನುವಷ್ಟರಲ್ಲಿ ಹಿಂದಿನಿಂದ ಸಾರಿನ ಒಗ್ಗರಣೆಯ ಘಮ ಬಂದು ಸಭೆ ತಾನಾಗಿ ಎದ್ದುಬಿಡುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ನಾನು ಇಂಥ ಎಷ್ಟೋ ಸಭೆಗಳಲ್ಲಿ ನಿರೂಪಣೆ ಮಾಡಿದ್ದೇನೆ, ವಂದನಾರ್ಪಣೆಯನ್ನೂ ಮಾಡಿದ್ದೇನೆ.

ಪ್ರಯೋಗಾಲಯದ ಸೆಮಿನಾರು ಇದಲ್ಲ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳ ಅಮ್ಮ ಒಮ್ಮೆ ನನ್ನನ್ನು ಕೇಳಿದಳು: "ಅಕ್ಕಾ, ಯಾವಾಗ ಫೋನ್ ಮಾಡಿದ್ರೂ ಸೆಮಿನಾರಿನಲ್ಲಿದೀನಿ ಅಂತಾಳೆ. ಇದೇನು ಓದೋ ಕೆಲಸವೋ, ಸಭೆ ಮಾಡೋ ಕೆಲಸವೋ?" ಪ್ರಶ್ನೆ ನ್ಯಾಯವಾದದ್ದೇ. ಮಗಳು ಗಾಜಿನ ನಳಿಕೆ ಹಿಡಿದು ನಿಂತಿದ್ದಾಳೆಂದರೆ ತಾಯಿಗೆ ಅರ್ಥವಾಗುತ್ತದೆ. ಪರೀಕ್ಷೆ ಬರೆಯುತ್ತಿದ್ದಾಳೆಂದರೂ ಅರ್ಥವಾಗುತ್ತದೆ. ಹತ್ತು ಜನ ಒಂದು ಕೋಣೆಯಲ್ಲಿ ಕೂತು ಮಾತಾಡುವುದೂ ಓದಿನ ಒಂದು ಭಾಗವೆಂದರೆ ನಂಬುವುದು ಕಷ್ಟ. ನನ್ನನ್ನು ಕೇಳಿದರೆ ಪದವಿ ಬರುವುದು ಪ್ರಬಂಧದಿಂದ, ಬದುಕು ಬರುವುದು ಆ ಕೋಣೆಯಿಂದ. ವಾರಕ್ಕೊಮ್ಮೆ ಯಾರೋ ಒಬ್ಬರು ಹೊಸದಾಗಿ ಪ್ರಕಟವಾದ ಲೇಖನವೊಂದನ್ನು ಎಲ್ಲರ ಮುಂದೆ ಬಿಡಿಸಿ ಹೇಳಬೇಕು. ಇನ್ನೊಬ್ಬರು ತಮ್ಮ ಪ್ರಯೋಗದ ಫಲಿತಾಂಶ ತೋರಿಸಬೇಕು. ಉಳಿದವರು ಅದರಲ್ಲಿ ತಪ್ಪು ಹುಡುಕಬೇಕು. ಹೊರಗಿನಿಂದ ಬಂದ ದೊಡ್ಡ ವಿಜ್ಞಾನಿಯ ಭಾಷಣ ಮುಗಿದ ಮೇಲೆ ಚಹಾದ ಲೋಟ ಹಿಡಿದು ಅವರ ಹತ್ತಿರ ಹೋಗಿ "ಸರ್, ನನ್ನ ಕೆಲಸ ಇದು" ಎನ್ನಬೇಕು. ಮುಂದಿನ ಕೆಲಸ, ಮುಂದಿನ ಊರು, ಶಿಫಾರಸಿನ ಪತ್ರ ಎಷ್ಟೋ ಸಲ ಹುಟ್ಟುವುದು ಆ ಚಹಾದ ಹೊತ್ತಿನಲ್ಲಿ.

ಹಾಗಾದರೆ ಆ ಕೋಣೆಗೆ ಹೆಣ್ಣುಮಕ್ಕಳು ಹೇಗೆ ಬಂದರು? ಇದನ್ನು ನಾನು ಪಾಠದ ಪುಸ್ತಕದಲ್ಲಿ ಓದಲಿಲ್ಲ. ತಂಗಿಗೆ ಉತ್ತರ ಹೇಳಬೇಕಲ್ಲ ಎಂದು ಒಂದೊಂದಾಗಿ ಓದಿಕೊಂಡದ್ದು.

ಕೂತು ಲೇಖನ ಚರ್ಚಿಸುವ ಈ ಕೂಟಕ್ಕೆ 'ಜರ್ನಲ್ ಕ್ಲಬ್' ಎನ್ನುತ್ತಾರೆ. ವೈದ್ಯಕೀಯದಲ್ಲಿ ಇದನ್ನು ಕ್ರಮಬದ್ಧವಾಗಿ ಶುರುಮಾಡಿದ ಕೀರ್ತಿಯನ್ನು ಸಾಮಾನ್ಯವಾಗಿ ವಿಲಿಯಂ ಆಸ್ಲರ್ ಎಂಬ ವೈದ್ಯನಿಗೆ ಕೊಡುತ್ತಾರೆ. 1875ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅವನಿಗೆ ಬಂದದ್ದು ಬಹಳ ಸಾಮಾನ್ಯವಾದ ಕಷ್ಟ. ವೈದ್ಯಕೀಯ ಪತ್ರಿಕೆಗಳು ದುಬಾರಿ, ಒಬ್ಬರ ಕೈಯಿಂದ ಕೊಳ್ಳಲಾಗದು. ಎಲ್ಲರೂ ಸೇರಿ ತರಿಸಿ ಹಂಚಿಕೊಂಡು ಓದೋಣ ಎಂದ. ಗೆಳತಿಯರೇ, ಚೀಟಿ ಹಾಕಿ ಪಾತ್ರೆ ಕೊಂಡವರಿಗೆ, ತಿಂಗಳಿಗಿಷ್ಟು ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಯ ವಾರಪತ್ರಿಕೆಗಳನ್ನು ಮನೆಮನೆಗೆ ಓಡಾಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲದವರು ಸೇರಿ ಇದ್ದವರಾಗುವ ಉಪಾಯ ಅದು. ಆದರೆ ಆಗಿನ ಆ ಕೂಟದಲ್ಲಿ ಹೆಣ್ಣಿಗೆ ಕುರ್ಚಿ ಇರಲಿಲ್ಲ. ಮೆಕ್‌ಗಿಲ್ಲಿನ ವೈದ್ಯಕೀಯ ಶಾಲೆಯೇ ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ಅದೇ ಆಸ್ಲರ್ ಮುಂದೆ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ, ಜಾನ್ಸ್ ಹಾಪ್‌ಕಿನ್ಸ್ ಎಂಬ ಸಂಸ್ಥೆಗೆ ಹೋದ. ಅಲ್ಲಿ ನಡೆದ ಕತೆ ನನಗೆ ಬಹಳ ಇಷ್ಟ. 1889ರಲ್ಲಿ ಆಸ್ಪತ್ರೆಯೇನೋ ತೆರೆಯಿತು, ವೈದ್ಯಕೀಯ ಶಾಲೆ ತೆರೆಯಲು ಹಣ ಸಾಲಲಿಲ್ಲ. ಮೂಲಧನವನ್ನು ತೊಡಗಿಸಿದ್ದ ರೈಲ್ವೆ ಕಂಪನಿಯ ಷೇರು ಕೈಕೊಟ್ಟಿತ್ತು. ಆಗ ಆ ಊರಿನ ನಾಲ್ವರು ಹೆಣ್ಣುಮಕ್ಕಳು ಮುಂದೆ ಬಂದರು. ನಾಲ್ವರ ತಂದೆಯರೂ ಆ ಸಂಸ್ಥೆಯ ಧರ್ಮದರ್ಶಿ ಮಂಡಳಿಗೆ ಸೇರಿದವರು. "ಹಣ ನಾವು ಕೂಡಿಸಿ ಕೊಡುತ್ತೇವೆ. ಆದರೆ ಗಂಡಸರಿಗೆ ಯಾವ ನಿಯಮವೋ ಹೆಂಗಸರಿಗೂ ಅದೇ ನಿಯಮದಲ್ಲಿ ಪ್ರವೇಶ ಕೊಡಬೇಕು" ಎಂಬುದು ಅವರ ಷರತ್ತು. ಬೇಕಾಗಿದ್ದದ್ದು 5 ಲಕ್ಷ ಡಾಲರ್. ಅದರಲ್ಲಿ 3 ಲಕ್ಷಕ್ಕೂ ಹೆಚ್ಚನ್ನು ಮೇರಿ ಗ್ಯಾರೆಟ್ ಎಂಬ ಒಬ್ಬಳೇ ಕೊಟ್ಟಳು. ಕೊಡುವಾಗ ಇನ್ನೊಂದು ಗಂಟನ್ನೂ ಹಾಕಿದಳು. ಹುಡುಗನಿರಲಿ, ಹುಡುಗಿಯಿರಲಿ, ಮೊದಲೇ ಪದವಿ ಮುಗಿಸಿ ಬಂದವರಿಗೆ ಮಾತ್ರ ಪ್ರವೇಶ ಎಂದಳು. ಈ ನಿಯಮ ಎಷ್ಟು ಬಿಗಿಯಾಗಿತ್ತೆಂದರೆ, ನಾವು ಪ್ರೊಫೆಸರಾಗಿ ಒಳಗೆ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ಬರಲು ನಮ್ಮಿಂದ ಆಗುತ್ತಿರಲಿಲ್ಲ ಎಂದು ಆಸ್ಲರ್ ತನ್ನ ಗೆಳೆಯನೊಡನೆ ತಮಾಷೆ ಮಾಡಿದನಂತೆ. 1893ರಲ್ಲಿ ಶಾಲೆ ಶುರುವಾದಾಗ ಮೊದಲ ತರಗತಿಯ 18 ಮಂದಿಯಲ್ಲಿ ಮೂವರು ಹೆಂಗಸರು.

ದಾನ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ದಾನದ ಜೊತೆ ಇಂಥ ಷರತ್ತು ಹಾಕಿದವರನ್ನು ನಾನು ಕಂಡದ್ದು ಕಡಿಮೆ. ಆ ಷರತ್ತಿನ ಫಲವಾಗಿ ಒಳಗೆ ಬಂದವರಲ್ಲಿ ಫ್ಲಾರೆನ್ಸ್ ಸೇಬಿನ್ ಒಬ್ಬಳು. 1900ರಲ್ಲಿ ವೈದ್ಯಳಾದಳು, 1917ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕಿಯಾದಳು, 1925ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದಳು. ಆದರೆ 1917ರಲ್ಲಿಯೇ ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥರ ಸ್ಥಾನ ಖಾಲಿಯಾದಾಗ ಅದು ಹೋದದ್ದು ಅವಳಿಗಲ್ಲ, ಅವಳ ಕೈಕೆಳಗೆ ಕಲಿತಿದ್ದ ಒಬ್ಬ ಗಂಡಸಿಗೆ. ಬಾಗಿಲು ತೆರೆಯುವುದು ಒಂದು ಕೆಲಸ. ಒಳಗೆ ಹೋದ ಮೇಲೆ ಮೇಲಿನ ಮೆಟ್ಟಿಲು ಸಿಗುವುದು ಬೇರೆಯದೇ ಕೆಲಸ.

ಬಾಲ್ಟಿಮೋರಿನ ಆ ಬಾಗಿಲು ತೆರೆದು ಸರಿಯಾಗಿ ನಲವತ್ತು ವರ್ಷಕ್ಕೆ, 1933ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಇನ್ನೊಬ್ಬ ಹುಡುಗಿ ಬಾಗಿಲು ತಟ್ಟಿದಳು. ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೋನಿ. ಮರಾಠಿ ಲೇಖಕಿ ದುರ್ಗಾ ಭಾಗವತ್ ಅವರ ಸೋದರಿ. ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರಜ್ಞರು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯಲ್ಲಿ, ಓದಿದವರು. ಕಮಲಾ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದು ತಾನೂ ಅಲ್ಲಿಗೇ ಸೇರಬೇಕೆಂದು ಅರ್ಜಿ ಹಾಕಿದಳು. ಆ ವರ್ಷವಷ್ಟೇ ಸರ್ ಸಿ.ವಿ. ರಾಮನ್ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದರು. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಹುಡುಗಿ ಬೆಂಗಳೂರಿಗೇ ಬಂದು ಅವರ ಮುಂದೆ ನಿಂತು ಕಾರಣ ಕೇಳಿದಳು. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಮೊದಲ ಒಂದು ವರ್ಷ ಅವಳನ್ನು ಕ್ರಮದ ವಿದ್ಯಾರ್ಥಿನಿ ಎಂದು ಗಣಿಸುವುದಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಅವಳಿಂದ ಕೆಡಬಾರದು. ಮೂರನೆಯ ಷರತ್ತನ್ನು ಓದಿದಾಗಲೆಲ್ಲ ನನಗೆ ನಗು ಬರುವುದೋ ಅಳು ಬರುವುದೋ ತಿಳಿಯದು. ಗಂಡು ಹುಡುಗರ ಗಮನ ಚದುರಿದರೆ ಅದರ ಲೆಕ್ಕವೂ ಇವಳ ಖಾತೆಗೇ!

ಮೇರಿ ಗ್ಯಾರೆಟ್ ಷರತ್ತು ಹಾಕಿದಳು. ಕಮಲಾಗೆ ಷರತ್ತು ಹಾಕಲಾಯಿತು. ಆದರೆ ಕಮಲಾಗೆ ಬೆಂಗಳೂರಿನಲ್ಲಿ ಒಬ್ಬ ಒಳ್ಳೆಯ ಗುರು ಸಿಕ್ಕಿದರು. ಎಂ. ಶ್ರೀನಿವಾಸಯ್ಯ ಎಂಬ ಜೀವರಸಾಯನ ವಿಜ್ಞಾನಿ. ಬಹಳ ಶಿಸ್ತಿನವರು, ಆದರೆ ಕಲಿಯಬೇಕೆಂದು ಬಂದವರಿಗೆ ಕಲಿಸುವುದರಲ್ಲಿ ಹಿಂಜರಿಯದವರು. ಹೊಸ ಸಂಶೋಧಕರ ಲೇಖನಗಳನ್ನು ಓದಲು ಹೇಳಿದರು. ಓದಿದ ಮೇಲೆ ಬರೆದವರಿಗೇ ಕಾಗದ ಬರೆದು ಸಂದೇಹ ಕೇಳು ಎಂದರು. ಈಗಿನವರು 'ಕೆರಿಯರ್ ಡೆವಲಪ್‌ಮೆಂಟ್' ಎಂದು ಕಾರ್ಯಾಗಾರ ಮಾಡಿ ಹೇಳಿಕೊಡುವುದನ್ನು ಆ ಶ್ರೀನಿವಾಸಯ್ಯನವರು ಒಂದು ಕಾರ್ಡು, ಒಂದು ಅಂಚೆಚೀಟಿಯಲ್ಲಿ ಮಾಡಿಬಿಟ್ಟಿದ್ದರು. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕಮಲಾ ಕೆಲಸ ಮಾಡಿದರು. ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿರುವ ತೊಗರಿ, ಹೆಸರು, ಕಡಲೆಗಳ ಒಳಗನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರಲ್ಲಿ ಅವರು ಮೊದಲಿಗರು. ವರ್ಷ ಕಳೆಯುವುದರೊಳಗೆ ರಾಮನ್ ಅವರಿಗೂ ಅವರ ಕೆಲಸ ಒಪ್ಪಿಗೆಯಾಯಿತು, ಆಮೇಲೆ ಹುಡುಗಿಯರಿಗೆ ಆ ಸಂಸ್ಥೆಯ ಬಾಗಿಲು ತೆರೆಯಿತು. 1940ರ ದಶಕದಲ್ಲಿ ಅನ್ನಾ ಮಣಿಯವರು ಅದೇ ರಾಮನ್ ಅವರ ಪ್ರಯೋಗಾಲಯದಲ್ಲಿಯೇ ಕೆಲಸ ಮಾಡಿದರು. ಇದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆದರೂ ಆ ಮೊದಲ ವರ್ಷದ ಅವಮಾನವನ್ನು ತಾನು ಮರೆತಿಲ್ಲವೆಂದು ಕಮಲಾ ಮುದುಕಿಯಾದ ಮೇಲೂ ಹೇಳಿದರು. ಮರೆಯಬೇಕೆಂದು ಯಾರೂ ಅವರಿಗೆ ಉಪದೇಶ ಮಾಡುವ ಅಗತ್ಯವಿಲ್ಲ.

1936ರಲ್ಲಿ ಎಂ.ಎಸ್ಸಿ. ಮುಗಿಯಿತು. ವಿದ್ಯಾರ್ಥಿವೇತನ ಸಿಕ್ಕಿ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದವರು ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್. ಬಾಲ್ಟಿಮೋರಿನ ಹಾಪ್‌ಕಿನ್ಸ್‌ಗೂ ಇವರಿಗೂ ಹೆಸರಿನಲ್ಲಷ್ಟೇ ಹೋಲಿಕೆ. ವಿಟಮಿನ್‌ಗಳ ಕುರಿತ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಡೆದವರು. ಹೆಂಗಸರನ್ನು ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳಲು ಬೇರೆಯವರು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಇವರ ವಿಭಾಗದಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಅವರಲ್ಲೊಬ್ಬರಾದ ಮಾರ್ಜರಿ ಸ್ಟೀಫನ್‌ಸನ್ 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಕಮಲಾ ಅಲ್ಲಿ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಉಸಿರಾಟದ ಬಗ್ಗೆ ಕೆಲಸ ಮಾಡಿದರು. ಪ್ರಾಣಿಗಳಲ್ಲಿ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯದ ಜೀವಕೋಶಗಳಲ್ಲಿಯೂ ಇದೆಯೆಂದು ಆಲೂಗಡ್ಡೆಯಲ್ಲಿ ಕೆಲಸ ಮಾಡುತ್ತ ಕಂಡುಕೊಂಡರು. ಅವರ ಪಿಎಚ್.ಡಿ. ಪ್ರಬಂಧ ಕೇವಲ 40 ಪುಟದ್ದಂತೆ. 1939ರಲ್ಲಿ ಡಾಕ್ಟರೇಟ್ ಬಂತು. ಇನ್ನೊಂದು ಮಾತು ಇಲ್ಲಿ ನೆನಪಿಡಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಂಗಸರನ್ನು ಗಂಡಸರಿಗೆ ಸಮನಾದ ಪೂರ್ಣ ಪದವೀಧರರೆಂದು ಒಪ್ಪಿಕೊಂಡದ್ದು 1948ರಲ್ಲಿ. ಕಮಲಾ ಅಲ್ಲಿಂದ ಡಾಕ್ಟರಾಗಿ ಹೊರಬಂದು ಒಂಬತ್ತು ವರ್ಷದ ಮೇಲೆ!

ಕುರ್ಚಿ ಸಿಕ್ಕ ಮಾತ್ರಕ್ಕೆ ಮಾತು ಕೇಳಿಸುತ್ತದೆಯೇ? 1951ನೆಯ ವರ್ಷ ಇದಕ್ಕೆ ಎರಡು ಉದಾಹರಣೆ ಕೊಟ್ಟಿದೆ. ಆ ವರ್ಷ ನವೆಂಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಡಿ.ಎನ್.ಎ. ಕುರಿತು ತನ್ನ ಎಕ್ಸ್-ರೇ ಕೆಲಸವನ್ನು ಒಂದು ಸೆಮಿನಾರಿನಲ್ಲಿ ವಿವರಿಸಿದಳು. ಕೇಂಬ್ರಿಜ್‌ನಿಂದ ಬಂದಿದ್ದ ಜೇಮ್ಸ್ ವಾಟ್ಸನ್ ಸಭೆಯಲ್ಲಿ ಕೂತಿದ್ದ, ಆದರೆ ಏನನ್ನೂ ಬರೆದುಕೊಳ್ಳಲಿಲ್ಲ. ಆ ಎಳೆಗಳಲ್ಲಿ ನೀರಿನ ಅಂಶ ಎಷ್ಟೆಂದು ಅವಳು ಹೇಳಿದ್ದನ್ನು ತಪ್ಪಾಗಿ ನೆನಪಿಟ್ಟುಕೊಂಡು ಹೋಗಿ, ಕ್ರಿಕ್ ಜೊತೆ ಮೂರು ಎಳೆಯ ಒಂದು ಮಾದರಿ ಕಟ್ಟಿದ. ಫ್ರಾಂಕ್ಲಿನ್ ಬಂದು ನೋಡಿ ಅದು ತಪ್ಪೆಂದು ಅಲ್ಲಿಯೇ ಹೇಳಿದಳು. ಅವಳಿದ್ದ ಕಾಲೇಜಿನಲ್ಲಿ ಗಂಡಸರಿಗೆ ಮಾತ್ರವೆಂದು ಮೀಸಲಾದ ಒಂದು ವಿಶ್ರಾಂತಿ ಕೋಣೆಯೂ ಇತ್ತು. ಊಟದ ಹೊತ್ತಿನ ಹರಟೆಯಲ್ಲಿ ಹುಟ್ಟುವ ವಿಜ್ಞಾನ ಅಲ್ಲಿ ಅವಳಿಲ್ಲದೆಯೇ ಹುಟ್ಟಬೇಕಾಗಿತ್ತು. ಅವಳು 1958ರಲ್ಲಿ ತೀರಿಕೊಂಡಳು. ನೊಬೆಲ್ ಬಹುಮಾನ 1962ರಲ್ಲಿ ಬೇರೆ ಮೂವರಿಗೆ ಬಂತು. ಅದೇ 1951ರ ಬೇಸಿಗೆಯಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಸಂಕಿರಣದಲ್ಲಿ ಬಾರ್ಬರಾ ಮೆಕ್ಲಿಂಟಕ್ ಜೋಳದ ವರ್ಣತಂತುಗಳಲ್ಲಿ ಜಾಗ ಬದಲಿಸುವ ಅಂಶಗಳಿವೆ ಎಂದು ಹೇಳಿದಾಗ ಹೆಚ್ಚಿನವರಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳಿಗೆ ನೊಬೆಲ್ ಬಂದದ್ದು 1983ರಲ್ಲಿ, 32 ವರ್ಷ ಕಾದ ಮೇಲೆ. ಸೆಮಿನಾರಿನಲ್ಲಿ ಮಾತಾಡುವುದನ್ನು ಕಲಿಸಬೇಕು ನಿಜ, ಕೇಳುವುದನ್ನೂ ಕಲಿಸಬೇಕು.

ಇತ್ತ ಕಮಲಾ 1939ರಲ್ಲಿ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗ ಕಟ್ಟಿದರು, ಆಮೇಲೆ ನೀಲಗಿರಿಯ ಕೂನೂರಿನ ಪೌಷ್ಟಿಕತೆಯ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿಯಾದರು. ಅಲ್ಲಿ ಮುಂದಕ್ಕೆ ದಾರಿ ಕಾಣಲಿಲ್ಲ. 1947ರಲ್ಲಿ ಮದುವೆಯಾಗಿ ಬೊಂಬಾಯಿಗೆ ಬಂದು ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ತಾಳೆ ಜಾತಿಯ ಮರಗಳಿಂದ ಇಳಿಸುವ ಸಿಹಿಯಾದ ನೀರಾವನ್ನು ಪರೀಕ್ಷಿಸಿ, ಪೌಷ್ಟಿಕತೆ ಸಾಲದ ಮಕ್ಕಳಿಗೂ ಬಸುರಿಯರಿಗೂ ಅದರಿಂದ ಉಪಯೋಗವಿದೆಯೆಂದು ಅವರೂ ಅವರ ವಿದ್ಯಾರ್ಥಿಗಳೂ ತೋರಿಸಿದ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಸಂಸ್ಥೆಯ ನಿರ್ದೇಶಕಿಯ ಸ್ಥಾನ ಮಾತ್ರ ಬಹಳ ತಡವಾಗಿ, ನಿವೃತ್ತಿ ಹತ್ತಿರವಾದಾಗ ಬಂತು. ಕೇಂಬ್ರಿಜ್‌ನ ಡಾಕ್ಟರೇಟೂ ಅವರ ಸರದಿಯನ್ನು ಬೇಗ ತರಲಿಲ್ಲ. ಸಸಿಮಡಿಯಲ್ಲಿ ಪೈರು ಎಷ್ಟು ಹುಲುಸಾಗಿ ಎದ್ದರೇನು, ಹೊತ್ತಿಗೆ ಸರಿಯಾಗಿ ಕಿತ್ತು ಗದ್ದೆಗೆ ನಾಟಿ ಮಾಡದಿದ್ದರೆ ಅಲ್ಲಿಯೇ ಹಳದಿಯಾಗುತ್ತದೆ. ನಾಟಿ ನಮ್ಮ ಕಡೆ ಹೆಂಗಸರ ಕೈಯ ಕೆಲಸ. ಈ ನಾಟಿಯನ್ನು ಮಾತ್ರ ಬೇರೆಯವರ ಕೈಗೆ ಬಿಟ್ಟಿದ್ದೆವು.

ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಕಾಲೇಜು ಅಧ್ಯಾಪಕರಿಗಾಗಿ ಆರು ವಾರದ ಬೇಸಿಗೆ ಶಿಬಿರವೊಂದು ದೂರದ ಊರಿನಲ್ಲಿ ನಡೆಯುವುದಿತ್ತು. ಜೀವಕೋಶಗಳ ಕುರಿತ ಹೊಸ ವಿಷಯಗಳು, ಪ್ರಯೋಗಗಳು, ದೊಡ್ಡವರ ಉಪನ್ಯಾಸ. ನನ್ನ ಹೆಸರೂ ಆಯ್ಕೆಯಾಯಿತು. ಮಗಳಿಗೆ ಆಗ ಒಂದೂವರೆ ವರ್ಷ. ಮಗುವನ್ನು ಕರೆತರಬಹುದೇ ಎಂದು ಶಿಬಿರಕ್ಕೆ ಬರೆದು ಕೇಳಿದೆ. ವಸತಿಯಲ್ಲಿ ಮಕ್ಕಳಿಗೆ ಅವಕಾಶವಿಲ್ಲವೆಂದು ಒಂದು ಸಾಲಿನ ಉತ್ತರ ಬಂತು. ಅತ್ತೆಗೆ ಮಂಡಿನೋವು, ಅಮ್ಮ ನನ್ನ ತಂಗಿಯ ಬಾಣಂತನದಲ್ಲಿದ್ದರು. ನನ್ನ ಬದಲಿಗೆ ನಮ್ಮದೇ ವಿಭಾಗದ ಗಂಡಸೊಬ್ಬರು ಹೋಗಿಬಂದರು. ಅವರಿಗೂ ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು. ಆ ಶಿಬಿರದಲ್ಲಿ ಪರಿಚಯವಾದವರೊಬ್ಬರ ಹತ್ತಿರ ಅವರು ಮುಂದೆ ಪಿಎಚ್.ಡಿ.ಗೆ ಸೇರಿದರು. ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಡಲಿಲ್ಲ. ಒಳ್ಳೆಯ ಮನುಷ್ಯ, ಬಂದ ಮೇಲೆ ತಾವು ಬರೆದುಕೊಂಡಿದ್ದ ನೋಟ್ಸನ್ನು ನನಗೂ ಕೊಟ್ಟರು. ಆದರೆ ಚಹಾದ ಹೊತ್ತಿನ ಮಾತನ್ನು ಯಾರ ನೋಟ್ಸಿನಲ್ಲಿಯೂ ತರಲಾಗುವುದಿಲ್ಲವಲ್ಲ.

ಅದಕ್ಕೇ 1973ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಬಗ್ಗೆ ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಅವರು ಉಪನ್ಯಾಸಗಳನ್ನು ಏರ್ಪಡಿಸಿದ್ದಷ್ಟೇ ಅಲ್ಲ, ನವಿ ಮುಂಬಯಿಯ ವಾಶಿಯಲ್ಲಿ ದುಡಿಯುವ ಹೆಂಗಸರಿಗೊಂದು ಹಾಸ್ಟೆಲನ್ನೂ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರವನ್ನೂ ಕಟ್ಟಿದರು. ಹೆಣ್ಣಿನ ಸೆಮಿನಾರು ಶಿಶುವಿಹಾರದಿಂದ ಶುರುವಾಗುತ್ತದೆಂದು ತಿಳಿದವರೇ ಹಾಗೆ ಮಾಡಬಲ್ಲರು.

ನನ್ನ ತಂಗಿಯ ಇನ್ನೊಂದು ಪ್ರಶ್ನೆ ಇನ್ನೂ ಕಷ್ಟದ್ದು. "ಇಷ್ಟೆಲ್ಲ ಓದಿದ ಮೇಲೆ ಕೆಲಸ ಸಿಗುತ್ತದೆಯೇ?" ಇದು ನಮ್ಮ ದೇಶದ ತಾಯಂದಿರ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೇ ಇದನ್ನು ಕೇಳಿಕೊಂಡು ಒಂದು ಸಮಿತಿ ಮಾಡಿತು. ಅದರ ಇಬ್ಬರು ಅಧ್ಯಕ್ಷರಲ್ಲಿ ಒಬ್ಬಾಕೆ ಶರ್ಲಿ ಟಿಲ್ಗ್‌ಮನ್, ಜೀವವಿಜ್ಞಾನಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ನಡೆಸಿದವರು. ಸಮಿತಿ 2012ರಲ್ಲಿ ಹೇಳಿದ ಮಾತು ನೇರವಾಗಿತ್ತು. ವೈದ್ಯಕೀಯ ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯುವವರಲ್ಲಿ ಬಹುಪಾಲು ಮಂದಿ ಪ್ರೊಫೆಸರುಗಳಾಗುವುದಿಲ್ಲ. ಆದರೂ ಎಲ್ಲರನ್ನೂ ಪ್ರೊಫೆಸರಾಗಲೆಂದೇ ತಯಾರು ಮಾಡುತ್ತಿದ್ದೇವೆ. ಇದಾದ ಮೇಲೆ 2013ರಿಂದ ಒಂದು ಯೋಜನೆ ಮಾಡಿ 17 ಸಂಸ್ಥೆಗಳಿಗೆ ಹಣ ಕೊಟ್ಟರು. ಔಷಧ ಕಂಪನಿ, ಪೇಟೆಂಟ್ ಕಚೇರಿ, ವಿಜ್ಞಾನ ಬರವಣಿಗೆ, ಸರ್ಕಾರದ ನೀತಿ, ಶಾಲಾ ಶಿಕ್ಷಣ, ಹೀಗೆ ಬೇರೆ ಬೇರೆ ಕೆಲಸಗಳಲ್ಲಿರುವವರನ್ನು ಕರೆಸಿ ವಿದ್ಯಾರ್ಥಿಗಳೊಡನೆ ಮಾತಾಡಿಸುವುದು, ಕೆಲವು ದಿನ ಅವರ ಜೊತೆ ಕೆಲಸ ಮಾಡಿಸುವುದು. ಅಲ್ಲಿನ ವಿದ್ಯಾರ್ಥಿಗಳು ತಮ್ಮ ಮುಂದಿನ ಕೆಲವು ವರ್ಷದ ಯೋಜನೆಯನ್ನು ಕಾಗದದ ಮೇಲೆ ಬರೆದು ಗುರುವಿನ ಜೊತೆ ಕೂತು ತಿದ್ದಿಕೊಳ್ಳುವ ಪದ್ಧತಿಯೂ ಬಂದಿದೆ. ಮನೆಯ ತಿಂಗಳ ಲೆಕ್ಕ ಬರೆಯುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬರೆಯದ ಖರ್ಚು ಹೇಗೆ ಕೈಮೀರುತ್ತದೋ ಬರೆಯದ ವರ್ಷಗಳೂ ಹಾಗೆಯೇ ಕೈಮೀರುತ್ತವೆ.

ನಮ್ಮ ದೇಶದಲ್ಲಿಯೂ ಬಾಗಿಲುಗಳು ಒಂದೊಂದಾಗಿ ತೆರೆದಿವೆ. 1975ರಲ್ಲಿ ಆಧುನಿಕ ಜೀವವಿಜ್ಞಾನಕ್ಕಾಗಿ ಮಹಾಬಲೇಶ್ವರ ಸಂಕಿರಣಗಳು ಶುರುವಾದವು. ಅದರ ಹಿಂದಿದ್ದ ಒಬೈದ್ ಸಿದ್ದೀಖಿಯವರೇ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು. ಅವರಿಗೆ 1970ರ ದಶಕದಲ್ಲಿ ಐರ್ಲೆಂಡಿನಿಂದ ಒಂದು ಕಾಗದ ಬಂತು. ಬರೆದವಳು ವೆರೋನಿಕಾ ರಾಡ್ರಿಗಸ್, ಕೀನ್ಯಾದಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗಿ. ಅವರ ಲೇಖನ ಓದಿ, ನಿಮ್ಮಲ್ಲಿ ಕಲಿಯಬೇಕೆಂದು ಬರೆದಿದ್ದಳು. ಬಂದಳು, ನೊಣಗಳು ವಾಸನೆಯನ್ನು ಹೇಗೆ ಗುರುತಿಸುತ್ತವೆಂಬ ಕೆಲಸದಲ್ಲಿ ಹೆಸರು ಮಾಡಿದಳು, ಕೊನೆಗೆ ಬೆಂಗಳೂರಿನಲ್ಲಿಯೇ ನೆಲೆಸಿ 2010ರಲ್ಲಿ ತೀರಿಕೊಂಡಳು. ಶ್ರೀನಿವಾಸಯ್ಯನವರ ಉಪಾಯ ಅಲ್ಲಿಯೂ ಫಲಿಸಿತ್ತು ನೋಡಿ. ಮನೆಯ ಕಾರಣಕ್ಕೆ ಸಂಶೋಧನೆ ಬಿಟ್ಟ ಹೆಂಗಸರು ಮರಳಿ ಬರಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಮಹಿಳಾ ವಿಜ್ಞಾನಿ ಯೋಜನೆಯನ್ನೂ ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಅಂಥದೇ ಇನ್ನೊಂದನ್ನೂ ಆರಂಭಿಸಿದವು. ಹೊಸದಾಗಿ ಸ್ವಂತ ಪ್ರಯೋಗಾಲಯ ಕಟ್ಟುವ ಜೀವವಿಜ್ಞಾನಿಗಳನ್ನು ಹಿರಿಯರೊಡನೆ ಕೂಡಿಸುವ ಸಭೆ 2009ರಲ್ಲಿ ಮೊದಲಾಯಿತು. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ಸೇರಿ, ಊರುಗಳ ಕಾಲೇಜಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಬೇಸಿಗೆಯಲ್ಲಿ ಎರಡು ತಿಂಗಳು ಒಳ್ಳೆಯ ಪ್ರಯೋಗಾಲಯದಲ್ಲಿ ವೇತನದೊಡನೆ ಕೆಲಸ ಕಲಿಯುವ ಅವಕಾಶವನ್ನು ಹಲವು ವರ್ಷಗಳಿಂದ ಕೊಡುತ್ತ ಬಂದಿದೆ. 2016ರ ಯು.ಜಿ.ಸಿ. ನಿಯಮ ಪಿಎಚ್.ಡಿ. ಮಾಡುವ ಹೆಂಗಸರಿಗೆ ಹೆರಿಗೆ ಮತ್ತು ಮಕ್ಕಳ ಪಾಲನೆಗಾಗಿ ಒಟ್ಟು 240 ದಿನದ ರಜೆ ಕೊಡಬಹುದೆಂದಿತು, ಪ್ರಬಂಧ ಮುಗಿಸಲು ಎರಡು ವರ್ಷ ಹೆಚ್ಚಿನ ಅವಧಿಯನ್ನೂ ಕೊಟ್ಟಿತು. ನಾಲ್ಕಕ್ಷರ ಕಲಿತ ಹುಡುಗಿಯರಿಗೇ ಈ ನಿಯಮಗಳು ಗೊತ್ತಿರುವುದಿಲ್ಲ. ಮನೆಯವರಿಗೆ ಗೊತ್ತಿರುವುದು ಇನ್ನೂ ಅಪರೂಪ.

ಮನೆಯವರಿಗೆ ಏಕೆ ಗೊತ್ತಿರಬೇಕು ಎನ್ನುತ್ತೀರೋ? ಹೋದ ವರ್ಷ ನನ್ನ ತಂಗಿಯ ಮಗಳಿಗೆ ಬೇರೆ ರಾಜ್ಯದಲ್ಲಿ ಹತ್ತು ದಿನದ ಒಂದು ತರಬೇತಿಗೆ ಕರೆ ಬಂತು. ಹಗಲು ಪ್ರಯೋಗ, ಸಂಜೆ ಸೆಮಿನಾರು, ಕೊನೆಯ ದಿನ ತನ್ನ ಕೆಲಸವನ್ನು ತಾನೇ ಎಲ್ಲರಿಗೂ ವಿವರಿಸುವುದು. ಅದೇ ವಾರ ಗಂಡಿನ ಕಡೆಯವರು ನೋಡಲು ಬರುತ್ತೇವೆಂದಿದ್ದರು. ತಂಗಿ ಅತ್ತಳು, ಭಾವನವರು ಮಾತು ಬಿಟ್ಟರು. ಹುಡುಗಿ ನನಗೆ ಫೋನ್ ಮಾಡಿ, "ದೊಡ್ಡಮ್ಮ, ಮದುವೆ ಬೇಡ ಅಂತಿಲ್ಲ. ಹತ್ತು ದಿನ ಮುಂದಕ್ಕೆ ಹಾಕಿ ಅಂತಿದೀನಿ ಅಷ್ಟೇ" ಎಂದಳು. ನಾನು ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದೆ. ಉಪದೇಶ ಮಾಡಲಿಲ್ಲ. ನನ್ನ ಬೇಸಿಗೆ ಶಿಬಿರದ ಕತೆಯನ್ನು ಮಾತ್ರ ಹೇಳಿದೆ. ಅವಳಿಗೆ ಅಷ್ಟು ವರ್ಷ ಅದು ಗೊತ್ತಿರಲಿಲ್ಲ. ತನ್ನ ಬಾಣಂತನಕ್ಕೆ ಅಮ್ಮ ಬಂದಿದ್ದರೆಂಬುದಷ್ಟೇ ನೆನಪಿತ್ತು. ಅವಳೇ ಗಂಡಿನ ತಾಯಿಗೆ ಫೋನ್ ಮಾಡಿ ವಿಷಯ ಹೇಳಿದಳು. ಆಕೆ ಒಂದು ಶಾಲೆಯ ಟೀಚರು. "ಅದಕ್ಕೇನಂತೆ, ಕಲಿತು ಬರಲಿ ಬಿಡಿ" ಎಂದರಂತೆ. ಸಂಬಂಧ ಕೂಡಿಬರಲಿಲ್ಲ, ಅದು ಜಾತಕದ ಕಾರಣಕ್ಕೆ. ತರಬೇತಿಯಿಂದ ಬಂದ ಹುಡುಗಿ ಮಾತ್ರ ಬೇರೆಯೇ ಆಗಿದ್ದಳು. ಅಲ್ಲಿ ಒಬ್ಬ ಹಿರಿಯ ವಿಜ್ಞಾನಿ ಅವಳ ಫಲಿತಾಂಶದಲ್ಲಿ ಒಂದು ದೋಷ ತೋರಿಸಿ, ಅದನ್ನು ಸರಿಪಡಿಸುವ ದಾರಿಯನ್ನೂ ಹೇಳಿದರಂತೆ. ಅವಳ ಆರು ತಿಂಗಳ ಕೆಲಸ ಉಳಿಯಿತು.

1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಮಲಾ ಸೊಹೋನಿಯವರನ್ನು ಕರೆದು ಸನ್ಮಾನ ಮಾಡಿತು. ಅದೇ ಸಮಾರಂಭದಲ್ಲಿ ಕುಸಿದುಬಿದ್ದ ಅವರು ಕೆಲ ದಿನಗಳಲ್ಲಿ ತೀರಿಕೊಂಡರು. ಅದಕ್ಕೆ ಬಹಳ ಹಿಂದೆಯೇ ಅವರು ಇನ್ನೊಂದು ಕೆಲಸದಲ್ಲಿ ಕೈಹಾಕಿದ್ದರು. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಗ್ರಾಹಕರ ಸಂಘವೊಂದನ್ನು ಕಟ್ಟಿದರು. ಕಮಲಾ ಅವರಲ್ಲೊಬ್ಬರು, ಮುಂದೆ ಅದರ ಅಧ್ಯಕ್ಷೆಯಾದರು, ಅದರ ಪತ್ರಿಕೆಗೆ ಲೇಖನ ಬರೆದರು. ಬೇಳೆಯ ಒಳಗನ್ನು ಪ್ರಯೋಗಾಲಯದಲ್ಲಿ ನೋಡಿದಾಕೆ, ಅಂಗಡಿಯ ಬೇಳೆಯಲ್ಲಿ ಕಲಬೆರಕೆಯಿದೆಯೇ ಎಂದು ನೋಡುವುದನ್ನು ಗೃಹಿಣಿಯರಿಗೆ ಹೇಳಿಕೊಟ್ಟರು. ಅವರು ಕಲಿತದ್ದು ಎಲ್ಲಿಂದ ಎಲ್ಲಿಯವರೆಗೆ ಬಂತು!

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಬಿ.ಎಸ್ಸಿ., ಎಂ.ಎಸ್ಸಿ. ಓದುವ ಹುಡುಗಿ ಇದ್ದರೆ ಅವಳು ಎಷ್ಟು ಅಂಕ ತೆಗೆದಳೆಂದು ಕೇಳುವುದರ ಜೊತೆಗೆ, ಈ ವರ್ಷ ಎಲ್ಲಿ ಮಾತಾಡಿದೆ, ಯಾರನ್ನು ಏನು ಪ್ರಶ್ನೆ ಕೇಳಿದೆ ಎಂದೂ ಕೇಳಿ. ಬೇಸಿಗೆ ಅವಕಾಶಗಳ ಅರ್ಜಿಗಳು ಸಾಮಾನ್ಯವಾಗಿ ಬೇಸಿಗೆಗೆ ಬಹಳ ಮುಂಚೆಯೇ ಮುಗಿದುಹೋಗುತ್ತವೆ. ದೀಪಾವಳಿ ಮುಗಿಯುತ್ತಲೇ ನೆನಪಿಸಿ. ರಾತ್ರಿ ಬಸ್ಸಿಗೆ ಒಬ್ಬಳೇ ಹೇಗೆ ಹೋಗುತ್ತಾಳೆ ಎಂಬ ಚಿಂತೆ ನನಗೂ ಇದೆ. ಜೊತೆಗೆ ಹೋಗುವವರು ಯಾರೂ ಇಲ್ಲದಿದ್ದರೆ ನಾನಿದ್ದೇನೆ. ನನ್ನ ಮಂಡಿಗಳು ಇನ್ನೂ ಗಟ್ಟಿಯಾಗಿವೆ.